ಐಲ್ಸಾ ಕ್ರೇಗಿನ ಕಲ್ಲು

ಗ್ಲಾಸ್ಗೋ ನಗರವನ್ನು ಬಿಟ್ಟು ಕಡಲಂಚಿನಲ್ಲೇ ದಕ್ಷಿಣಕ್ಕೆ ಸಾಗುವ ಪ್ರವಾಸಿಗೆ ಗರ್ವನ್ ಎಂಬ ಸಣ್ಣ ಬಂದರು ಸಿಗುತ್ತದೆ. ಅಲ್ಲಿಯ ದಂಡೆಯಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ಸುಮಾರು 16 ಕಿಲೋಮೀಟರು ದೂರದಲ್ಲಿ, ನೀರಿನ ನಡುವೆ ಬೋರಲು ಹಾಕಿದ ಬೋಗುಣಿಯಂತೆ ಒಂದು ಬೆಟ್ಟ. ಅದೇ ಐಲ್ಸಾ ಕ್ರೇಗ್. 338 ಮೀಟರು ಎತ್ತರದ ಈ ಬಂಡೆಯ ಮೇಲೆ ಈಗ ಮನುಷ್ಯವಾಸವಿಲ್ಲ. 1990ರಲ್ಲಿ ದೀಪಸ್ತಂಭವು ಸ್ವಯಂಚಾಲಿತವಾದ ಮೇಲೆ ಅದರ ಕಾವಲಿನವರೂ ಹೊರಟುಹೋದರು. ಅಸಂಖ್ಯ ಕಡಲಹಕ್ಕಿಗಳು ಉಳಿದಿವೆ, ಕಲ್ಲು ಉಳಿದಿದೆ.

ಆ ಕಲ್ಲೇ ಈ ದ್ವೀಪದ ಕೀರ್ತಿಗೆ ಕಾರಣ. ನೀರನ್ನು ಅತ್ಯಲ್ಪವಾಗಿ ಹೀರುವ ಗಟ್ಟಿ ಗ್ರಾನೈಟ್. ಹಿಮದ ಮೇಲೆ ಎಷ್ಟು ಸಲ ಜಾರಿದರೂ ಸುಲಭವಾಗಿ ಬಿರಿಯದು. ಸಿಡಿಮದ್ದಿಟ್ಟು ಒಡೆಯುವುದು ಇಂದು ನಿಷಿದ್ಧವಾದ್ದರಿಂದ ಬಿಡಿ ಬಂಡೆಗಳನ್ನಷ್ಟೇ ದೋಣಿಗೇರಿಸಿ ತರುತ್ತಾರೆ. ಅವು ಸೇರುವುದು ಮಾಕ್ಲಿನ್ ಎಂಬ ಊರನ್ನು. ಕವಿ ರಾಬರ್ಟ್ ಬರ್ನ್ಸ್ ಸಂಸಾರ ಹೂಡಿದ್ದ ಊರದು. ಅಲ್ಲಿ 1851ರಿಂದ ಕೇ ಮನೆತನದ ಕಾರ್ಖಾನೆಯು ಕರ್ಲಿಂಗ್ ಆಟದ ಕಲ್ಲುಗಳನ್ನು ಕಡೆಯುತ್ತ ಬಂದಿದೆ. ನಮ್ಮ ಬೀಸುವ ಕಲ್ಲಿನ ಮೇಲ್ಪಾಲನ್ನು ಕಿರಿದು ಮಾಡಿ ನೆತ್ತಿಗೊಂದು ಹಿಡಿ ಜೋಡಿಸಿದರೆ ಹೇಗೋ ಹಾಗಿರುತ್ತದೆ ಅದು. ತೂಕ ಸುಮಾರು 20 ಕಿಲೋ.

ಆಟ ನೋಡುವುದಕ್ಕೆ ಗೋಲಿಯಾಟದ ಹಿರಿಯಣ್ಣನಂತಿದೆ. ಹಿಮದಂಗಳದ ಆಚೆ ತುದಿಯಲ್ಲಿ ಬರೆದ ವರ್ತುಲದ ನಡುವಿಗೆ ಕಲ್ಲನ್ನು ಜಾರಿಸಬೇಕು. ಎದುರಾಳಿಯ ಕಲ್ಲನ್ನು ತಳ್ಳಬಹುದು. ಇಬ್ಬರು ಜೊತೆಗಾರರು ಮುಂದೆ ಮುಂದೆ ಹಿಮವನ್ನು ಉಜ್ಜುತ್ತ ಓಡಿ ಕಲ್ಲಿನ ಹಾದಿಯನ್ನು ನಯಗೊಳಿಸುತ್ತಾರೆ. ತಂಡಕ್ಕೆ ನಾಲ್ವರು; ಪ್ರತಿ ಸರದಿಗೆ ಎಂಟು ಕಲ್ಲು. ಕಡೆಯ ಎರಡನ್ನು ಸಾಮಾನ್ಯವಾಗಿ ಸ್ಕಿಪ್ ಎನಿಸಿದ ನಾಯಕಿಯೇ ಬಿಡಬೇಕು. ಸೋಲುಗೆಲುವಿನ ಭಾರವೆಲ್ಲ ಆ ಒಂದು ಅಂಗೈಗೆ ಬಂದು ನಿಲ್ಲುವ ಈ ಏರ್ಪಾಡು ತುಸು ಕ್ರೂರವೆಂದೇ ನನಗೆ ತೋರುತ್ತದೆ.

2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸಿನಲ್ಲಿ ಇದೇ ಸೀಮೆಯ ರೋನಾ ಮಾರ್ಟಿನ್ ಕೊನೆಯ ಕಲ್ಲಿನಿಂದ ಸ್ವಿಟ್ಜರ್ಲೆಂಡನ್ನು 4–3ರಿಂದ ಮಣಿಸಿ ಬ್ರಿಟನ್ನಿಗೆ ಚಿನ್ನ ತಂದಳು. ಆಗ ಉತ್ತರದ ಮಲೆನಾಡಿನ ಬ್ಲೇರ್ ಅಥಾಲ್ ಎಂಬ ಹಳ್ಳಿಯಲ್ಲಿ, ಕುರಿ ಸಾಕುವ ರೈತನ ಮನೆಯಲ್ಲಿ, ಹನ್ನೊಂದು ವರ್ಷದ ಹುಡುಗಿಯೊಬ್ಬಳು ಬೆಳೆಯುತ್ತಿದ್ದಳು. ಹೆಸರು ಈವ್ ಮ್ಯೂರ್‌ಹೆಡ್. ತಂದೆ ಗಾರ್ಡನ್ ಸ್ವತಃ ಒಲಿಂಪಿಕ್ಸ್ ಕಂಡ ಆಟಗಾರ.

ಮಗಳು ಕಿರಿಯರ ವಿಶ್ವಪಟ್ಟವನ್ನು ನಾಲ್ಕು ಬಾರಿ ಗೆದ್ದಳು. 2010ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ವ್ಯಾಂಕೂವರಿನಲ್ಲಿ ಬ್ರಿಟನ್ ತಂಡದ ನಾಯಕಿ. 2013ರಲ್ಲಿ ರೀಗಾದಲ್ಲಿ ಸ್ಕಾಟ್ಲೆಂಡಿಗೆ ವಿಶ್ವವಿಜಯ. 2014ರಲ್ಲಿ ಸೋಚಿಯಲ್ಲಿ ಕಂಚು. 2018ರ ಪ್ಯೋಂಗ್‌ಚಾಂಗ್ ಕೂಟದಲ್ಲಿ ಜಪಾನಿನೊಡನೆ ಕಂಚಿಗಾಗಿ ಪಂದ್ಯ. ಕೊನೆಯ ಕಲ್ಲು ಈವಳದು. ಅದು ಗುರಿ ತಪ್ಪಿತು; 5–3ರಿಂದ ಪದಕ ಜಪಾನಿನ ಪಾಲಾಯಿತು. ಅದೇ ವರ್ಷ ಸೊಂಟದ ಕೀಲಿಗೆ ಶಸ್ತ್ರಚಿಕಿತ್ಸೆಯೂ ಆಯಿತು.

2021ರ ವಿಶ್ವಸ್ಪರ್ಧೆಯಲ್ಲಿ ಎಂಟನೆಯ ಸ್ಥಾನಕ್ಕಿಳಿದು ಒಲಿಂಪಿಕ್ಸಿನ ನೇರ ಪ್ರವೇಶವೂ ತಪ್ಪಿತು. ಡಿಸೆಂಬರಿನಲ್ಲಿ ಹಾಲೆಂಡಿನ ಲೇವಾರ್ಡನ್ನಿನಲ್ಲಿ ನಡೆದ ಅರ್ಹತಾ ಪಂದ್ಯಗಳಿಗೆ ಹೊಸದಾಗಿ ಕಟ್ಟಿದ ತಂಡದೊಡನೆ ಹೋಗಿ ಆಕೆ ಬಾಗಿಲು ತೆರೆಸಿಕೊಂಡಳು. ಜೊತೆಗಾತಿಯರಲ್ಲಿ ವಿಕಿ ರೈಟ್ ದಾದಿ; ಕೋವಿಡ್ ದಿನಗಳಲ್ಲಿ ಆಸ್ಪತ್ರೆಯಲ್ಲಿ ದುಡಿದವಳು.

ಬೀಜಿಂಗಿನಲ್ಲಿ ಐದು ಗೆದ್ದು ನಾಲ್ಕು ಸೋತು, ಕೂದಲೆಳೆಯ ಅಂತರದಲ್ಲಿ ಉಪಾಂತ್ಯಕ್ಕೆ ಬಂದರು. ಅಲ್ಲಿ ಹಿಂದಿನ ಕೂಟದ ವಿಜೇತ ಸ್ವೀಡನ್ ಮೊದಲ ಸರದಿಯಲ್ಲೇ ನಾಲ್ಕು ಅಂಕ ಗಳಿಸಿಬಿಟ್ಟಿತು. ಹೆಚ್ಚುವರಿ ಸರದಿಯವರೆಗೆ ಕಾದಾಡಿ 12–11ರಿಂದ ಈವಳ ತಂಡ ಪಾರಾಯಿತು. 2022ರ ಫೆಬ್ರವರಿ 20ರಂದು ಅಂತಿಮ ಪಂದ್ಯ. ಎದುರಿಗೆ ಮತ್ತೆ ಜಪಾನ್, ಅದೇ ನಾಯಕಿ ಸತ್ಸುಕಿ ಫುಜಿಸಾವಾ. ಈ ಬಾರಿ ಕೊನೆಯ ಕಲ್ಲಿಗಾಗಿ ಉಸಿರು ಬಿಗಿಹಿಡಿಯಬೇಕಾಗಲಿಲ್ಲ. ಏಳನೆಯ ಸರದಿಯಲ್ಲಿ ಈವ್ ನಾಲ್ಕು ಅಂಕ ಕಿತ್ತಳು, 10–3. ಆ ಕೂಟದಲ್ಲಿ ಬ್ರಿಟನ್ನಿಗೆ ದಕ್ಕಿದ ಏಕೈಕ ಚಿನ್ನವದು.

ಆರು ತಿಂಗಳಲ್ಲಿ, ಮೂವತ್ತೆರಡನೆಯ ವಯಸ್ಸಿನಲ್ಲಿ, ಆಕೆ ಆಟಕ್ಕೆ ವಿದಾಯ ಹೇಳಿದಳು. 2026ರ ಮಿಲಾನ್–ಕೊರ್ಟಿನಾ ಕೂಟಕ್ಕೆ ಬ್ರಿಟನ್ ತಂಡದ ಮೇಲ್ವಿಚಾರಣೆಯ ಹೊಣೆ ಹೊರಲು ಆರಿಸಿದ್ದು ಆಕೆಯನ್ನೇ.