ಕಿರವತ್ತಿಯ ದಾರಿಯಲ್ಲಿ ಒಂಟಿಗಣ್ಣಿನ ಸಾರಥಿ

ಹುಬ್ಬಳ್ಳಿಯಿಂದ ಕರಾವಳಿಯ ಕಡೆ ಹೊರಟವರಿಗೆ ಕಲಘಟಗಿಯವರೆಗೂ ಬಯಲುಸೀಮೆಯೇ ಜೊತೆಗಾರ. ಅದನ್ನು ದಾಟಿ ಸ್ವಲ್ಪ ಮುಂದೆ ಹೋದರೆ ಸಾಕು, ತೇಗದ ಮರಗಳು ರಸ್ತೆಗೆ ಒತ್ತಿಕೊಂಡು ನಿಲ್ಲತೊಡಗುತ್ತವೆ. ಗಾಳಿ ತಣ್ಣಗಾಗುತ್ತದೆ. ಧಾರವಾಡ ಜಿಲ್ಲೆ ಮುಗಿದು ಉತ್ತರ ಕನ್ನಡ ಶುರುವಾಯಿತೆಂದು ಫಲಕ ಓದದೆಯೇ ತಿಳಿಯುತ್ತದೆ. ಈ ಹೊಸ್ತಿಲ ಮೇಲೆ ಕುಳಿತ ಊರು ಕಿರವತ್ತಿ. ತಾಲ್ಲೂಕು ಕೇಂದ್ರ ಯಲ್ಲಾಪುರ ಇಲ್ಲಿಂದ ಸುಮಾರು 20 ಕಿ.ಮೀ. ಅರಣ್ಯ ಇಲಾಖೆಯ ನಾಟಾ ಡಿಪೋ, ಸಾಲು ಅಂಗಡಿಗಳು, ಚಹಾದ ಹೋಟೆಲುಗಳು, ಬಸ್ಸಿಗೆ ಕಾಯುವ ಶಾಲೆ-ಕಾಲೇಜಿನ ಮಕ್ಕಳು, ಸುತ್ತಲ ಕಾಡಿನಂಚಿನಲ್ಲಿ ಸಿದ್ದಿಯರ ಮತ್ತು ಎಮ್ಮೆ ಸಾಕುವ ಗೌಳಿಗರ ವಾಡೆಗಳು. ಇವೆಲ್ಲದರ ನಡುವೆಯೇ ಹೆದ್ದಾರಿ ಹಾದುಹೋಗುತ್ತದೆ.

ಈ ಹೆದ್ದಾರಿಯನ್ನು ಹಳಬರು ಈಗಲೂ ‘ಅರವತ್ಮೂರು’ ಎಂದೇ ಕರೆಯುವುದುಂಟು. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಕೊಟ್ಟಾಗ ಇದು 52 ಆಯಿತು. ಪಂಜಾಬಿನ ಸಂಗ್ರೂರಿನಿಂದ ಹೊರಟ ದಾರಿ ಅಂಕೋಲೆಯಲ್ಲಿ ಬಂದು ಮುಗಿಯುತ್ತದೆ. ಬಳ್ಳಾರಿಯ ಅದಿರು ಬೇಲೆಕೇರಿ ಬಂದರಿಗೆ ಹೋಗುತ್ತಿದ್ದ ಕಾಲದಲ್ಲಿ ಇಲ್ಲಿ ಲಾರಿಗಳ ಸಾಲು ಮುಗಿಯುತ್ತಲೇ ಇರಲಿಲ್ಲ. ಆ ಸಾಲು ಹೋಯಿತು; ಆದರೆ ದಾರಿ ಇಂದಿಗೂ ಹಗುರವಾದುದಲ್ಲ. ಯಲ್ಲಾಪುರ ದಾಟಿ ಅರಬೈಲು ಘಟ್ಟದ ಕಡೆ, ಗುಳ್ಳಾಪುರದ ಹತ್ತಿರ, 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ತರಕಾರಿ-ಹಣ್ಣಿನ ವ್ಯಾಪಾರಿಗಳ ಲಾರಿ ಕಂದಕಕ್ಕೆ ಉರುಳಿ 10 ಮಂದಿ ಸತ್ತರು. ಈ ದಾರಿಯಲ್ಲಿ ಮಗ ಕಾರು ಓಡಿಸುತ್ತಾನೆ ಎಂದರೆ ಮನೆಯಲ್ಲಿ ತಾಯಿ ಗಡಿಯಾರ ನೋಡುತ್ತ ಕೂರುವುದು ಸುಮ್ಮನೆ ಅಲ್ಲ.

ಕಳೆದ ಡಿಸೆಂಬರಿನಲ್ಲಿ ಈ ದಾರಿಯಲ್ಲಿ ನಾವು ಮೂವರು ಹೊರಟದ್ದು ಭಾವನವರ ಹೊಸ ಕಾರಿನಲ್ಲಿ. ಚಾಲಕ ಅವರ ಮಗ, ಎಂಜಿನಿಯರಿಂಗ್ ಕೊನೆಯ ವರ್ಷದವನು. ಕಾರಿನ ಮುಂಗಾಜಿನ ಮೇಲ್ಭಾಗದಲ್ಲಿ, ಒಳಗನ್ನಡಿಯ ಹಿಂದೆ, ಒಂದು ಪುಟ್ಟ ಕ್ಯಾಮೆರಾ. ವೇಗ ನಿಗದಿ ಮಾಡಿ ಗುಂಡಿ ಒತ್ತಿದರೆ ಮುಂದಿನ ವಾಹನವನ್ನು ಅದೇ ನೋಡುತ್ತದೆ. ಅದು ನಿಧಾನಿಸಿದರೆ ತಾನೂ ನಿಧಾನಿಸಿ, ಮುಂದೆ ಸರಿದರೆ ತಾನೂ ವೇಗ ಹೆಚ್ಚಿಸಿ, ನಡುವಿನ ಅಂತರ ಕಾಯುತ್ತದೆ. ‘ಅಡಾಪ್ಟಿವ್ ಕ್ರೂಸ್ ಕಂಟ್ರೋಲ್’ ಎಂದು ಇದರ ಹೆಸರು. “ಇದಕ್ಕೇ ಒಂದಿಷ್ಟು ಹೆಚ್ಚು ದುಡ್ಡು ಕೊಟ್ಟೆ, ಹುಡುಗನ ಸುರಕ್ಷತೆ ಮುಖ್ಯ ನೋಡು” ಎಂದರು ಭಾವ.

ಸೋಜಿಗವೆಂದರೆ, ವೇಗವನ್ನು ಒಂದೇ ಸಮ ಇಡುವ ಮೂಲ ಸಾಧನವನ್ನು ರೂಪಿಸಿದ ಅಮೆರಿಕದ ರಾಲ್ಫ್ ಟೀಟರ್ ಐದನೇ ವಯಸ್ಸಿನಲ್ಲೇ ದೃಷ್ಟಿ ಕಳೆದುಕೊಂಡ ಎಂಜಿನಿಯರು. ಆತನ ಸಾಧನ 1958ರ ಕ್ರೈಸ್ಲರ್ ಕಾರುಗಳಲ್ಲಿ ಬಂತು. ಅದಕ್ಕೆ ಮುಂದಿನದು ಏನೂ ಕಾಣುತ್ತಿರಲಿಲ್ಲ. 1990ರ ದಶಕದಲ್ಲಿ ಜಪಾನಿನವರು ಲೇಸರ್ ಕಿರಣವನ್ನೂ 1999ರಲ್ಲಿ ಜರ್ಮನಿಯ ಮರ್ಸಿಡಿಸ್ ರೇಡಾರನ್ನೂ ಜೋಡಿಸಿದಾಗ ಅದಕ್ಕೆ ಕಣ್ಣು ಬಂತು. ನಮ್ಮಲ್ಲಿ 2020ರ ನಂತರ ಇದು ಮಧ್ಯಮ ವರ್ಗದ ಕಾರುಗಳಿಗೂ ಇಳಿದಿದೆ. ಕೆಲವದರಲ್ಲಿ ರೇಡಾರು ಮತ್ತು ಕ್ಯಾಮೆರಾ ಎರಡೂ ಇರುತ್ತವೆ. ಇನ್ನು ಕೆಲವದರಲ್ಲಿ ಕ್ಯಾಮೆರಾ ಒಂದೇ. ನಮ್ಮದು ಎರಡನೆಯ ಜಾತಿ.

ರೇಡಾರು ರೇಡಿಯೋ ಅಲೆ ಕಳಿಸಿ, ಅದು ಬಡಿದು ಮರಳುವುದನ್ನು ಅಳೆದು, ದೂರವನ್ನೂ ವೇಗವನ್ನೂ ನೇರವಾಗಿ ತಿಳಿಯುತ್ತದೆ. ಒಂಟಿ ಕ್ಯಾಮೆರಾ ಹಾಗಲ್ಲ. ಅದು ಚಿತ್ರ ನೋಡಿ ಊಹಿಸಬೇಕು. ಮುಂದಿನದು ಕಾರೋ ಲಾರಿಯೋ ಎಂದು ಆಕಾರದಿಂದ ಗುರುತಿಸಿ, ಚಿತ್ರದಲ್ಲಿ ಅದೆಷ್ಟು ಅಗಲವಿದೆ, ಚಕ್ರ ಎಲ್ಲಿ ನೆಲ ಮುಟ್ಟಿದೆ ಎಂದು ನೋಡಿ ದೂರದ ಲೆಕ್ಕ ಹಾಕುತ್ತದೆ. ಆಕಾರ ಗುರುತಾಗದಿದ್ದರೆ ಲೆಕ್ಕವೂ ಇಲ್ಲ.

ಹುಬ್ಬಳ್ಳಿ ಬಿಟ್ಟು ಸ್ವಲ್ಪ ದೂರದವರೆಗೆ ಎಲ್ಲ ಸೊಗಸಾಗಿತ್ತು. ಹುಡುಗ 60 ಕಿ.ಮೀ. ವೇಗಕ್ಕೆ ಇಟ್ಟು ಕಾಲು ಚಾಚಿದ. ಗಂಟೆಗೆ 60 ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಯಂತ್ರ ಎರಡು ಸೆಕೆಂಡಿನ ಅಂತರ ಬಿಟ್ಟರೆ ಮುಂದಿನ ವಾಹನಕ್ಕೂ ನಮಗೂ ನಡುವೆ 33 ಮೀಟರ್ ಖಾಲಿ ಜಾಗ. ಪುಸ್ತಕದ ಪ್ರಕಾರ ಅದು ಸುರಕ್ಷಿತ ಅಂತರ. ನಮ್ಮ ರಸ್ತೆಯ ಪ್ರಕಾರ ಅದು ‘ಬನ್ನಿ, ದಯಮಾಡಿಸಿ’ ಎಂಬ ಆಹ್ವಾನ. ಮೊದಲು ಒಂದು ಬೈಕು ನುಗ್ಗಿತು, ನಮ್ಮ ಕಾರು ಮುಗ್ಗರಿಸಿ ಹಿಂದೆ ಸರಿಯಿತು. ಆ ಹೊಸ ಖಾಲಿಗೆ ಒಂದು ಟೆಂಪೋ ಬಂತು, ಮತ್ತೆ ಬ್ರೇಕು. ಹಿಂದಿದ್ದ ಲಾರಿಯವನಿಗೆ ಇದೇಕೆಂದು ತಿಳಿಯದೆ ಹಾರ್ನ್ ಬಾರಿಸಿದ್ದೇ ಬಾರಿಸಿದ್ದು.

ಕಲಘಟಗಿ ಕಳೆದ ಮೇಲೆ ಕಬ್ಬಿನ ಟ್ರ್ಯಾಕ್ಟರ್ ಸಿಕ್ಕಿತು. ಎರಡು ಟ್ರೇಲರು, ಚಕ್ರವೂ ಕಾಣದಂತೆ ಇಳಿಬಿದ್ದ ಕಬ್ಬು, ಹಿಂದೆ ದೀಪವಿಲ್ಲ. ನಮ್ಮ ಕಣ್ಣಿಗೆ ಅದು ಕಬ್ಬಿನ ಗಾಡಿ. ಕ್ಯಾಮೆರಾಗೆ ಅದು ಯಾವ ಜಾತಿಯೂ ಅಲ್ಲ. ಪರದೆಯ ಮೇಲೆ ಕಾರಿನ ಚಿಹ್ನೆ ಒಮ್ಮೆ ಮೂಡುತ್ತದೆ, ಒಮ್ಮೆ ಮಾಯವಾಗುತ್ತದೆ. ಮಾಯವಾದಾಗ ದಾರಿ ಖಾಲಿಯೆಂದು ಬಗೆದು ಕಾರು ವೇಗ ಹೆಚ್ಚಿಸಿತು. ಹುಡುಗನ ಕಾಲು ಬ್ರೇಕಿನ ಮೇಲಿತ್ತು, ಅಷ್ಟೇ ಪುಣ್ಯ. ಅಷ್ಟರಲ್ಲಿ ಸಂಜೆಯಾಗಿತ್ತು. ಡಿಸೆಂಬರಿನ ಸೂರ್ಯ ಮುಳುಗುವುದು ನೈಋತ್ಯಕ್ಕೆ. ಈ ರಸ್ತೆ ಯಲ್ಲಾಪುರಕ್ಕೆ ಸಾಗುವುದೂ ಬಹುಪಾಲು ಅದೇ ದಿಕ್ಕಿಗೆ. ಬಿಸಿಲು ನೇರ ಕಣ್ಣಿಗೆ ಹೊಡೆಯುವಾಗ ಮನುಷ್ಯ ಅಂಗೈ ಅಡ್ಡ ಹಿಡಿಯುತ್ತಾನೆ. ಕ್ಯಾಮೆರಾಗೆ ಅಂಗೈ ಇಲ್ಲ. ತೇಗದ ನೆರಳು ರಸ್ತೆಗೆ ಅಡ್ಡಡ್ಡ ಪಟ್ಟೆ ಎಳೆದಲ್ಲೊಮ್ಮೆ, ಎದುರಿಗೆ ಏನೂ ಇಲ್ಲದಿದ್ದರೂ ಕಾರು ಗಕ್ಕನೆ ತಡವರಿಸಿತು.

ಇದು ನಮ್ಮ ರಸ್ತೆಯ ದೋಷವೊಂದೇ ಎಂದು ತಿಳಿಯಬೇಡಿ. ಅಮೆರಿಕದಲ್ಲಿ ಟೆಸ್ಲಾ ಕಂಪನಿ 2021ರಲ್ಲಿ ತನ್ನ ಎರಡು ಮಾದರಿಗಳಿಂದ ರೇಡಾರು ತೆಗೆದು ಕ್ಯಾಮೆರಾಗಳನ್ನೇ ನೆಚ್ಚಿತು. ಕಾರು ಕಾರಣವಿಲ್ಲದೆ ಬ್ರೇಕು ಹಾಕುತ್ತದೆಂದು ಬಂದ 354 ದೂರುಗಳ ಮೇಲೆ 2022ರ ಫೆಬ್ರುವರಿಯಲ್ಲಿ ಅಲ್ಲಿನ ರಸ್ತೆ ಸುರಕ್ಷತಾ ಸಂಸ್ಥೆ ಸುಮಾರು 4 ಲಕ್ಷ 16 ಸಾವಿರ ಕಾರುಗಳ ಕುರಿತು ತನಿಖೆ ತೆರೆಯಿತು. ಹಾಗೆಂದು ರೇಡಾರೂ ಸರ್ವಜ್ಞನಲ್ಲ. ಮಂಜಿನಲ್ಲಿ ಅದು ಕಾಣಬಲ್ಲದು, ಆದರೆ ಕಂಡದ್ದು ಏನೆಂದು ಹೇಳುವುದರಲ್ಲಿ ಕ್ಯಾಮೆರಾಗಿಂತ ಹಿಂದೆ.

ಕಿರವತ್ತಿಯ ಹತ್ತಿರ ಬಂದಾಗ ಗೌಳಿಗರ ಎಮ್ಮೆಗಳು ಮನೆಗೆ ಮರಳುವ ಹೊತ್ತು. ಎಮ್ಮೆಗೆ ಹಿಂದೀಪವಿಲ್ಲ, ಬಣ್ಣವೋ ಡಾಂಬರಿನದೇ. ಇಂಥ ಅನೇಕ ಕಾರುಗಳ ಕೈಪಿಡಿಯಲ್ಲೇ ಪ್ರಾಣಿಗಳು ಗುರುತಾಗದೇ ಹೋಗಬಹುದೆಂದು ಅಚ್ಚಾಗಿರುತ್ತದೆ, ಓದುವವರು ಕಡಿಮೆ. ಒಂದು ಎಮ್ಮೆ ದಾಟಿದರೆ ಹಿಂದೆ ಇನ್ನೊಂದು ಇದೆ, ಅದರ ಹಿಂದೆ ಕರು ಇದೆ, ಕೊನೆಗೆ ಕೋಲು ಹಿಡಿದ ಹುಡುಗನೊಬ್ಬ ಇದ್ದಾನೆ ಎಂಬುದು ಇಲ್ಲಿನ ಬಸ್ ಚಾಲಕನಿಗೆ ಗೊತ್ತು. ಯಂತ್ರ ಕಂಡದ್ದನ್ನಷ್ಟೇ ಎಣಿಸುತ್ತದೆ, ಬರಲಿರುವುದನ್ನಲ್ಲ. ಊರೊಳಗಿನ ರಸ್ತೆ ಉಬ್ಬುಗಳ ಪರಿವೆಯೂ ಅದಕ್ಕಿಲ್ಲ.

ಯಲ್ಲಾಪುರದಲ್ಲಿ ರಾತ್ರಿ ತಂಗಿ ಮರುದಿನ ಬೆಳಿಗ್ಗೆ ಹಿಂತಿರುಗುವಾಗ ಇನ್ನೆರಡು ಪಾಠಗಳಾದವು. ತಿರುವುಗಳಲ್ಲಿ ಮುಂದಿನ ಬಸ್ಸು ಮರೆಯಾದೊಡನೆ ಕಾರು ‘ಹೋದ, ಬಿಡು’ ಎಂಬಂತೆ ವೇಗ ಏರಿಸುವುದು. ತಿರುವು ಮುಗಿಯುವಾಗ ಬಸ್ಸು ಅಲ್ಲೇ ಇರುವುದು. ಸ್ವಲ್ಪ ಹೊತ್ತಿಗೆ ಮಂಜು ದಟ್ಟೈಸಿತು. ‘ಮುಂದಿನ ಕ್ಯಾಮೆರಾ ಸದ್ಯಕ್ಕೆ ಲಭ್ಯವಿಲ್ಲ’ ಎಂಬರ್ಥದ ಸಂದೇಶ ತೋರಿಸಿ ಯಂತ್ರ ಕೈತೊಳೆದುಕೊಂಡಿತು. ಸಹಾಯ ಬೇಕಾದ ಹೊತ್ತಿಗೇ ಸಹಾಯಕ ರಜೆ ಹಾಕಿದ.

ಆ ಮಂಜಿನಲ್ಲೇ, ಕಿರವತ್ತಿಗೆ ಸ್ವಲ್ಪ ಮೊದಲು, ರಸ್ತೆಯ ಮೇಲೊಂದು ಹಸಿ ಸೊಪ್ಪಿನ ಕೊಂಬೆ ಬಿದ್ದಿತ್ತು. ಇಪ್ಪತ್ತು ಹೆಜ್ಜೆ ಮುಂದೆ ಇನ್ನೊಂದು. ಭಾವ “ನಿಧಾನ” ಎಂದರು. ತಿರುವಿನಾಚೆ ನಡುರಸ್ತೆಯಲ್ಲೇ ಕೆಟ್ಟು ನಿಂತಿತ್ತು ಒಂದು ಲಾರಿ. ಕೊಂಬೆಯೇ ಅದರ ಎಚ್ಚರಿಕೆ ಫಲಕ. ಕಿರವತ್ತಿಯ ಚಹಾದಂಗಡಿಯವರಿಗೆ ಈ ಸಂಗತಿ ಹೇಳಿದರೆ ಅವರು ನಕ್ಕರು: “ಸೊಪ್ಪು ಕಂಡ್ರ ಸಣ್ಣ ಹುಡುಗ್ರಿಗೂ ತಿಳೀತದರಿ. ನಿಮ್ಮ ಕಾರಿಗೆ ಸಾಲಿ ಕಲಸಿದವ್ರು ಈ ಕಡೆ ಬಂದಿಲ್ಲ, ಅಷ್ಟ.”

ಅವರು ಹೇಳಿದ್ದು ಅಕ್ಷರಶಃ ನಿಜ. ಕ್ಯಾಮೆರಾದ ಹಿಂದಿನ ಗಣಕ ಕಲಿಯುವುದು ಸಾವಿರಾರು ಚಿತ್ರಗಳಿಂದ. ಪ್ರತಿ ಚಿತ್ರದಲ್ಲೂ ಇದು ರಸ್ತೆ, ಇದು ಲಾರಿ, ಇದು ಮನುಷ್ಯ ಎಂದು ಗುರುತು ಹಾಕಿ ಕೊಡಬೇಕು. ಹೈದರಾಬಾದಿನ ಟ್ರಿಪಲ್ ಐಟಿಯವರು 2018ರಲ್ಲಿ ಹೈದರಾಬಾದ್, ಬೆಂಗಳೂರು ಮತ್ತು ಅವುಗಳ ಹೊರವಲಯದ 182 ಓಡಾಟಗಳಿಂದ ಸುಮಾರು 10 ಸಾವಿರ ಚಿತ್ರ ಆಯ್ದು, ಆಟೋರಿಕ್ಷಾ, ಪ್ರಾಣಿ ಮೊದಲಾಗಿ 34 ವರ್ಗಗಳಲ್ಲಿ ಗುರುತು ಹಾಕಿ ಸಂಶೋಧಕರಿಗೆ ಒದಗಿಸಿದರು. ದೊಡ್ಡ ಕೆಲಸ ಅದು. ಆದರೆ ತೇಗದ ಕಾಡಿನ ಮಂಜು, ಗೌಳಿಗರ ಎಮ್ಮೆ, ಸೊಪ್ಪಿನ ಕೊಂಬೆ ನಗರದ ಅಂಚಿನಲ್ಲಿ ಸಿಗುವಂಥವಲ್ಲ. ಹುಬ್ಬಳ್ಳಿ, ಧಾರವಾಡ, ಶಿರಸಿಯ ವಿದ್ಯಾರ್ಥಿಗಳು ಯೋಜನಾ ವರದಿಗೆ ವಿಷಯ ಹುಡುಕಿ ದೂರ ಹೋಗಬೇಕಾಗಿಲ್ಲ. ಅದು ಮನೆ ಬಾಗಿಲಲ್ಲೇ ಮೇಯುತ್ತಿದೆ.

ಅಲ್ಲಿಯವರೆಗೆ ತಂದೆತಾಯಿಗಳು ತಿಳಿದಿರಬೇಕಾದದ್ದು ಇಷ್ಟೇ. ಈ ಸಾಧನ ಚಾಲಕನ ಸಹಾಯಕ, ಬದಲಿ ಅಲ್ಲ. ಕಣ್ಣು ರಸ್ತೆಯ ಮೇಲೂ ಕಾಲು ಬ್ರೇಕಿನ ಬಳಿಯೂ ಇರಲೇಬೇಕು. ಕಾರು ತಯಾರಕರ ಕೈಪಿಡಿಗಳೂ ಇದನ್ನೇ ಹೇಳುತ್ತವೆ. ನಡುವೆ ವಿಭಜಕವಿರುವ ಚತುಷ್ಪಥದಲ್ಲಿ, ಒಳ್ಳೆಯ ಬೆಳಕಿನಲ್ಲಿ, ಅದು ಕಾಲಿನ ದಣಿವು ತಗ್ಗಿಸುತ್ತದೆ. ಮುಂಗಾಜು ಒರೆಸಿಟ್ಟುಕೊಳ್ಳಿ, ಕೈಪಿಡಿಯನ್ನು ಮಗನೊಡನೆ ಕುಳಿತು ಓದಿ. ಕಲಘಟಗಿ ದಾಟಿ ಮೊದಲ ತೇಗದ ಮರ ಕಂಡೊಡನೆ ಗುಂಡಿ ಒತ್ತಿ ಅದನ್ನು ಮಲಗಿಸಿಬಿಡಿ. ಕಿರವತ್ತಿಯ ಬಸ್ ನಿಲ್ದಾಣದಲ್ಲಿ ಪಾಟಿಚೀಲ ಹೊತ್ತು ನಿಂತ ಮಗು ರಸ್ತೆ ದಾಟುವ ಮೊದಲು ನೋಡುವುದು ಚಾಲಕನ ಮುಖವನ್ನು. ಆ ಮುಖ ತನ್ನನ್ನು ನೋಡಿದೆ ಎಂದು ಖಾತ್ರಿಯಾದ ಮೇಲೆಯೇ ಅದು ಹೆಜ್ಜೆ ಇಡುತ್ತದೆ.