ಮಾರುತಿಯ ಸೀಲು, ಮಿಸ್ತ್ರಿ ಕಾಕಾನ ಕೈ

ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಎಂಜಿನ್ ಸೋರುವುದನ್ನು ನಮ್ಮ ಬೇಡಕಿಹಾಳದಲ್ಲಿ ಯಾರೂ ರೋಗ ಅಂದುಕೊಳ್ಳುತ್ತಿರಲಿಲ್ಲ. ಗಾಡಿ ನಿಲ್ಲಿಸುವಲ್ಲಿ ಒಂದು ಹಳೆಯ ತಗಡು ಹಾಸುವುದು, ಆಗಾಗ ಕಡ್ಡಿ ಎಳೆದು ನೋಡಿ ಆಯಿಲ್ ಸುರಿಯುವುದು, ಮುಗಿಯಿತು. ಆ ಎಂಜಿನ್‌ಗಳಲ್ಲಿ ಕ್ಯಾಮ್‌ಶಾಫ್ಟ್ ಇದ್ದದ್ದು ಬ್ಲಾಕಿನ ಒಳಗೆ. ಅದನ್ನು ತಿರುಗಿಸುತ್ತಿದ್ದದ್ದು ಎಣ್ಣೆಯಲ್ಲೇ ಓಡುವ ಚೈನು. ಸೋರಿದರೆ ನೆಲ ಹೊಲಸಾಗುತ್ತಿತ್ತು, ಅಷ್ಟೇ.

ಲೆಕ್ಕ ಬದಲಾದದ್ದು ಮಾರುತಿ 800ರಿಂದ. ದಿಲ್ಲಿಯಲ್ಲಿ ಅದರ ಮೊದಲ ಕೀಲಿಕೈ ಕೊಟ್ಟದ್ದು 1983ರ ಡಿಸೆಂಬರ್‌ನಲ್ಲಿ. ನಮ್ಮ ಕಡೆಗೆ ಬಂದದ್ದು ತಡವಾಗಿ, ಅದೂ ಹೆಚ್ಚಾಗಿ ಸೆಕೆಂಡ್‌ಹ್ಯಾಂಡ್, ತಂಬಾಕು ಇಲ್ಲವೇ ಕಬ್ಬಿನ ಬಿಲ್ಲು ಕೈಸೇರಿದ ವರ್ಷ. ಮೂರು ಸಿಲಿಂಡರ್, 796 ಸಿಸಿ. ಕ್ಯಾಮ್ ಹೆಡ್ಡಿನಲ್ಲಿ, ತಿರುಗಿಸುವುದು ರಬ್ಬರಿನ ಹಲ್ಲಿನ ಪಟ್ಟಾ. ಕ್ಯಾಮಿನ ತುದಿಯ ಆಯಿಲ್ ಸೀಲು ಸೋರಿತೆಂದರೆ ಎಣ್ಣೆ ನೇರ ಆ ಪಟ್ಟಾದ ಮೇಲೆ. ಎಣ್ಣೆ ಕುಡಿದ ರಬ್ಬರು ಮೆತ್ತಗಾಗಿ ಹಲ್ಲು ಕಿತ್ತರೆ ಗಾಡಿ ಇದ್ದಲ್ಲೇ ನಿಂತಿತು.

ಊರಿನ ಗ್ಯಾರೇಜಿನ ಮಿಸ್ತ್ರಿಯನ್ನು ಹುಡುಗರೆಲ್ಲ ಕಾಕಾ ಅನ್ನುತ್ತಿದ್ದೆವು. ಸೋರುವ ಗಾಡಿ ಬಂದರೆ ಅವರು ಪಾನಾ ಮುಟ್ಟುತ್ತಿರಲಿಲ್ಲ. ಮೊದಲು ಚಿಮಣಿ ಎಣ್ಣೆಯಲ್ಲಿ ಎಂಜಿನ್ ತೊಳೆದು, ಒರೆಸಿ, ಚಾಲೂ ಮಾಡಿ ಬೀಡಿ ಹಚ್ಚಿಕೊಂಡು ಕೂರುವುದು. "ಎಣ್ಣಿ ಕಾಣೂದು ಕೆಳಗ, ಹುಟ್ಟೂದು ಮ್ಯಾಲ. ಗಡಬಡ ಮಾಡಬ್ಯಾಡ್ರಿ ಸಾವಕಾರ್ರ" ಅನ್ನುವರು. ಎಷ್ಟೋ ಸಲ ದೋಷ ವಾಲ್ವ್ ಕವರಿನ ಗ್ಯಾಸ್ಕೆಟ್ಟಿನದು. ಸೀಲಿನ ಮೇಲೆ ಸುಮ್ಮನೆ ಅಪವಾದ.

ಸೀಲೇ ಹೋಗಿದೆ ಎಂದಾದರೆ ಮಾತ್ರ ಬಿಚ್ಚುವುದು. ಫ್ಯಾನ್ ಬೆಲ್ಟು, ಪುಲ್ಲಿ, ಹೊರಗಿನ ಕವರು ತೆಗೆದು, ಕ್ಯಾಮಿನ ಗಿರಕಿಯ ಗುರುತೂ ಕ್ರ್ಯಾಂಕಿನ ಗುರುತೂ ಸರಿಕೂಡಿಸಿ, ಟೆನ್ಷನರ್ ಸಡಿಲಿಸಿ ಪಟ್ಟಾ ಕಳಚುವರು. ಆಮೇಲೆ ಗಿರಕಿ. ಹಳೆಯ ಸೀಲನ್ನು ಸಣ್ಣ ಪೇಚಕಸದಿಂದ ಎಬ್ಬಿಸುವಾಗ ಕಾಕಾ ಉಸಿರು ಬಿಗಿಹಿಡಿಯುತ್ತಿದ್ದರು. ಶಾಫ್ಟಿಗೆ ಒಂದು ಗೆರೆ ಬಿದ್ದರೂ ಹೊಸ ಸೀಲು ವ್ಯರ್ಥ. ಹೊರಬಂದ ಸೀಲನ್ನು ನನ್ನ ಕೈಗೆ ಹಾಕಿದ್ದುಂಟು: ಕಾವಿಗೆ ರಬ್ಬರಿನ ತುಟಿ ಚಕ್ಕಳದಂತೆ ಗಟ್ಟಿಯಾಗಿತ್ತು, ಒಳಗಿನ ಕೂದಲೆಳೆಯ ಸ್ಪ್ರಿಂಗು ಮಾತ್ರ ಇನ್ನೂ ಹೊಳೆಯುತ್ತಿತ್ತು. ಹೊಸದರ ತುಟಿಗೆ ಎಣ್ಣೆ ಸವರಿ, ಅದೇ ಅಳತೆಯ ಪೈಪಿನ ತುಂಡಿಟ್ಟು, ಸುತ್ತಲೂ ಸಮನಾಗಿ ಮೆಲ್ಲಗೆ ಬಡಿದು ಕೂರಿಸುವರು. ಕೊನೆಗೆ ಕ್ರ್ಯಾಂಕನ್ನು ಕೈಯಿಂದಲೇ ಎರಡು ಸುತ್ತು. ಕ್ರ್ಯಾಂಕು ಎರಡು ಸುತ್ತಿದರೆ ಕ್ಯಾಮ್ ಒಂದು ಸುತ್ತು. ಗುರುತುಗಳು ಮತ್ತೆ ಕೂಡಿದರೆ ಸರಿ, ಒಂದು ಹಲ್ಲು ತಪ್ಪಿದರೂ ಮತ್ತೆ ಬಿಚ್ಚು.

ಆ ಸೀಲು ಊರಲ್ಲಿ ಸಿಗುತ್ತಿರಲಿಲ್ಲ. ನಿಪ್ಪಾಣಿಯಲ್ಲಿ ಇಲ್ಲವೆಂದರೆ ಕೊಲ್ಲಾಪುರದ ಬಸ್ಸು ಹತ್ತಬೇಕು. ಬಿಲ್ಲಿಗಿಂತ ಬಸ್ಸಿನ ಚಾರ್ಜೇ ಭಾರ ಅಂತ ಕಾಕಾ ಗೊಣಗುತ್ತಿದ್ದರು.

ಈಗ ಸೀಲು ಮೊಬೈಲಿನಲ್ಲಿ ಆರ್ಡರ್ ಮಾಡಿದರೆ ಮನೆ ಬಾಗಿಲಿಗೆ. ಕೂರಿಸುವ ಕೈ ಕಡಿಮೆ. 2010ರಲ್ಲಿ ಆಲ್ಟೊ ಕೆ10 ಮತ್ತೆ ಚೈನಿನ ಎಂಜಿನ್ ತಂದಿತು. 800ರ ತಯಾರಿಕೆ 2014ರ ಜನವರಿಗೆ ನಿಂತಿತು. 2022ರ ಏಪ್ರಿಲ್‌ನಿಂದ ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿದ ಮೇಲೆ ನಮ್ಮ ಕಡೆಯ ಕೆಎ 23 ನಂಬರಿನ ಎಷ್ಟೋ ಹಳೆಯ ಗಾಡಿಗಳು ಗುಜರಿ ದಾರಿ ಹಿಡಿದವು. ಕಾಕಾನ ಗ್ಯಾರೇಜಿನಲ್ಲಿ ಈಗ ಬರೀ ಬೈಕು. ಕಂಪನಿ ಸರ್ವಿಸ್ ಸೆಂಟರುಗಳು ಕೆಟ್ಟವೆಂದಲ್ಲ, ಆದರೆ ತೊಳೆದು ಕೂತು ನೋಡುವ ಪುರುಸೊತ್ತು ಅಲ್ಲಿಲ್ಲ. ಸಂಶಯ ಬಂದದ್ದನ್ನೆಲ್ಲ ಬದಲಿಸಿ ಬಿಲ್ಲು ಕೊಡುತ್ತಾರೆ.

ಪಟ್ಟಾದ ಎಂಜಿನ್ನಿನ ಹಳೆಯ ಗಾಡಿಯನ್ನು ಇನ್ನೂ ಇಟ್ಟುಕೊಂಡವರಿಗೆ ಒಂದು ಮಾತು: ಪಟ್ಟಾ ಬದಲಿಸುವಾಗಲೇ ಕ್ಯಾಮ್ ಸೀಲನ್ನೂ ಹಾಕಿಸಿಬಿಡಿ, ಬಿಚ್ಚುವ ಮಜೂರಿ ಹೇಗೂ ಒಂದೇ. ಸೀಲು ಸೋರಿ ಪಟ್ಟಾ ತೊಯ್ದಿದ್ದರೆ ಅದನ್ನು ಒರೆಸಿ ಮತ್ತೆ ಹಾಕಲು ಯಾರಿಗೂ ಬಿಡಬೇಡಿ.