ಕೊನೆಯ ಕಲ್ಲು ಮತ್ತು ನನ್ನ ವೀಕ್ಷಣಾ ಪುಸ್ತಕ

ಅಭ್ಯಾಸ ಬೋಧನೆಯ ಮೂರನೆಯ ವಾರ. ಎಂಟನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ವೀಕ್ಷಣಾ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ. ಪ್ರಶಿಕ್ಷಣಾರ್ಥಿಯೊಬ್ಬಳ ವಿಮರ್ಶಾ ಪಾಠ, ವಿಷಯ ಘರ್ಷಣೆ. ಆಕೆ ಮಕ್ಕಳಿಗೆ ಕರ್ಲಿಂಗ್ ಆಟದ ಒಂದು ತುಣುಕು ತೋರಿಸಿದಳು. ಮಂಜುಗಡ್ಡೆಯ ಅಂಕಣದ ಮೇಲೆ ಒಬ್ಬಾಕೆ ಗುಂಡನೆಯ ಗ್ರಾನೈಟ್ ಕಲ್ಲನ್ನು ಜಾರಿಸಿ ಬಿಡುತ್ತಾಳೆ, ಇಬ್ಬರು ಅದರ ಮುಂದೆ ಓಡುತ್ತ ಬ್ರಷ್‌ನಿಂದ ಮಂಜನ್ನು ಬಿರುಸಾಗಿ ಉಜ್ಜುತ್ತಾರೆ. ಪಾಠ ಯೋಜನೆ ತಿದ್ದುವಾಗಲೇ ನಾನು, "ನಮ್ಮ ಮಕ್ಕಳು ಕಂಡರಿಯದ ಆಟ ಯಾಕಮ್ಮ, ಕೇರಂ ಸಾಕಲ್ಲ" ಎಂದಿದ್ದೆ. ಆಕೆ ಎರಡನ್ನೂ ತಂದಿದ್ದಳು.

ಕೇರಂ ಪೌಡರಿನವರೆಗೆ ಎಲ್ಲ ಸರಿಯಾಗಿಯೇ ಸಾಗಿತ್ತು. ಆಮೇಲೆ ಕಿಟಕಿ ಪಕ್ಕದ ಹುಡುಗನೊಬ್ಬ ಎದ್ದು ನಿಂತ. "ಮಿಸ್, ಉಜ್ಜಿದ್ರೆ ಘರ್ಷಣೆ ಜಾಸ್ತಿ ಅಲ್ವಾ ಆಗ್ಬೇಕು? ಅವ್ರು ಉಜ್ಜಿದ್ರೆ ಕಮ್ಮಿ ಹೆಂಗಾಗುತ್ತೆ?"

ಪಿರಿಯಡ್ ಮುಗಿಯಲು ಎಂಟು ನಿಮಿಷ ಉಳಿದಿತ್ತು. ಯೋಜನೆಯ ಪ್ರಕಾರ ಅದು ಮೌಲ್ಯಮಾಪನದ ಹಂತ. ಆಕೆ ಒಂದು ಕ್ಷಣ ನನ್ನತ್ತ ನೋಡಿದಳು. ನಾನು ಕಣ್ಣು ತಗ್ಗಿಸಿ ಬರೆಯುವವಳಂತೆ ನಟಿಸಿದೆ. ಆಕೆ ಯೋಜನೆಯ ಹಾಳೆಯನ್ನು ಮೇಜಿನ ಮೇಲಿಟ್ಟು, ಅಂಗೈ ಉಜ್ಜಿ ನೋಡಿ ಎಂದು ಮಕ್ಕಳಿಗೆ ಹೇಳಿದಳು. ಬಿಸಿಯಾಗುತ್ತೆ ಎಂದರು. ಹಾಗಾದರೆ ಮಂಜು? ಕರಗುತ್ತೆ ಎಂದು ಅರ್ಧ ತರಗತಿ, ಅಷ್ಟಕ್ಕೆಲ್ಲ ಕರಗಲ್ಲ ಎಂದು ಇನ್ನರ್ಧ. ಗದ್ದಲ. ಬ್ರಷ್ ಮತ್ತು ಮಂಜಿನ ನಡುವಿನ ಘರ್ಷಣೆ ಬೇರೆ, ಕಲ್ಲು ಮತ್ತು ಮಂಜಿನ ನಡುವಿನದು ಬೇರೆ, ಮೊದಲನೆಯದರ ಶಾಖದಿಂದಲೇ ಎರಡನೆಯದು ತಗ್ಗುವುದು ಎಂಬಲ್ಲಿಗೆ ಮಾತು ತಲುಪುವಷ್ಟರಲ್ಲಿ ಗಂಟೆ ಹೊಡೆಯಿತು. ಕಪ್ಪುಹಲಗೆಯ ಮೇಲೆ ಸಾರಾಂಶವಿಲ್ಲ, ಮನೆಗೆಲಸವಿಲ್ಲ. ಹೊರಗೆ ಹೋಗುತ್ತ ಅದೇ ಹುಡುಗ, "ಆ ಅಕ್ಕ ಗೆದ್ಲಾ ಮಿಸ್?" ಎಂದ. ಆಕೆಗೆ ಗೊತ್ತಿರಲಿಲ್ಲ.

ನಾನು ಬರೆದೆ: "ಯೋಜನೆಯಿಂದ ವಿಚಲನೆ. ಮೌಲ್ಯಮಾಪನ ಆಗಿಲ್ಲ. ಸಮಯ ನಿರ್ವಹಣೆ ದುರ್ಬಲ." ಐದಕ್ಕೆ ಎರಡು.

ಆ ರಾತ್ರಿ ಕುತೂಹಲಕ್ಕೆ ಆ ಆಟಗಾರ್ತಿ ಯಾರೆಂದು ಹುಡುಕಿದೆ. ಸ್ಕಾಟ್ಲೆಂಡಿನ ಈವ್ ಮ್ಯೂರ್‌ಹೆಡ್. 1990ರಲ್ಲಿ ಪರ್ತ್‌ನಲ್ಲಿ ಜನನ, ಬ್ಲೇರ್ ಅಥಾಲ್ ಬಳಿಯ ಕುರಿ ಸಾಕಣೆಯ ಮನೆತನ. ತಂದೆ ಗಾರ್ಡನ್ ಅವರೂ ಸ್ಕಾಟ್ಲೆಂಡ್ ಪರ ವಿಶ್ವ ಚಾಂಪಿಯನ್‌ಷಿಪ್ ಆಡಿದವರು. ಮಗಳು ಬ್ಯಾಗ್‌ಪೈಪ್ ನುಡಿಸುತ್ತಿದ್ದಳು, ಗಾಲ್ಫ್‌ನಲ್ಲೂ ಎತ್ತಿದ ಕೈ. ಕಿರಿಯರ ವಿಶ್ವ ಪ್ರಶಸ್ತಿ ನಾಲ್ಕು ಬಾರಿ. 19ನೇ ವಯಸ್ಸಿಗೇ 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ ತಂಡದ ಸ್ಕಿಪ್, ಅಂದರೆ ನಾಯಕಿ. ಅಲ್ಲಿ ಪದಕ ಸಿಗಲಿಲ್ಲ. 2013ರಲ್ಲಿ ರೀಗಾದಲ್ಲಿ ವಿಶ್ವ ಚಾಂಪಿಯನ್, 2014ರಲ್ಲಿ ಸೋಚಿಯಲ್ಲಿ ಕಂಚು.

ಈ ಆಟದಲ್ಲಿ ಸ್ಕಿಪ್‌ಳ ಕೆಲಸ ವಿಚಿತ್ರವಾದದ್ದು. ಉಳಿದವರು ಕಲ್ಲು ಬಿಡುವಾಗ ಆಕೆ ಅಂಕಣದ ಆ ತುದಿಯಲ್ಲಿ, ಗುರಿಯ ವೃತ್ತದ ಬಳಿ ನಿಂತು ಬ್ರಷ್ ಹಿಡಿದು ದಾರಿ ತೋರಿಸಬೇಕು, ಉಜ್ಜಿ, ಸಾಕು ಎಂದು ಕೂಗಬೇಕು. ಸಾಮಾನ್ಯವಾಗಿ ಕೊನೆಯ ಎರಡು ಕಲ್ಲು ಅವಳವು. ತರಬೇತುದಾರರು ದೂರದಲ್ಲಿ ಕುಳಿತಿರುತ್ತಾರೆ. ಟೈಂ-ಔಟ್ ಬಿಟ್ಟರೆ ಬಾಯಿ ಬಿಡುವಂತಿಲ್ಲ. ಹಿಂದಿನ ಬೆಂಚಿನ ನಮ್ಮ ಹಾಗೆಯೇ.

2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್, ಕಂಚಿನ ಪಂದ್ಯ, ಎದುರಾಳಿ ಜಪಾನ್. ಹತ್ತನೆಯ ಹಾಗೂ ಕೊನೆಯ ಸುತ್ತಿಗೆ ಬಂದಾಗ ಜಪಾನ್ 4, ಬ್ರಿಟನ್ 3. ಕೊನೆಯ ಕಲ್ಲು ಮ್ಯೂರ್‌ಹೆಡ್ ಕೈಯಲ್ಲಿತ್ತು. ಒಂದು ಅಂಕ ಪಡೆದು ಸಮ ಮಾಡಿದರೆ ಪಂದ್ಯ ಹೆಚ್ಚುವರಿ ಸುತ್ತಿಗೆ ಹೋಗುತ್ತದೆ, ಆದರೆ ಆ ಸುತ್ತಿನಲ್ಲಿ ಕೊನೆಯ ಕಲ್ಲು ಜಪಾನಿನ ಪಾಲಾಗುತ್ತದೆ. ಎರಡು ಅಂಕ ಪಡೆದರೆ ಅಲ್ಲೇ ಗೆಲುವು. ಆಕೆ ಎರಡಕ್ಕೆ ಹೊಡೆದಳು. ಕಲ್ಲುಗಳು ಡಿಕ್ಕಿಯಾಗಿ ಜಾರಿ ನಿಂತಾಗ ವೃತ್ತದ ನಡುವಿಗೆ ಹತ್ತಿರ ಉಳಿದದ್ದು ಜಪಾನಿನ ಕಲ್ಲು. 5-3. ಅದನ್ನು ಮೂರು ಸಲ ನೋಡಿದೆ. ಮೊದಲ ಸಲ "ಸಮ ಮಾಡಿಕೊಳ್ಳಬಾರದಿತ್ತೇ" ಅನ್ನಿಸಿತು. ಮೂರನೆಯ ಸಲ, ಕಲ್ಲು ಒಂದಿಷ್ಟು ಆಚೆ ಜಾರಿದ್ದರೆ ಇದೇ ನಾನು "ಎಂಥ ಧೈರ್ಯ" ಎನ್ನುತ್ತಿದ್ದೆ ಎಂದು ಹೊಳೆದು ನಾಚಿಕೆಯಾಯಿತು.

ಕರ್ಲಿಂಗ್‌ನಲ್ಲೂ ನಮ್ಮ ಶ್ರೇಣಿ ಮಾಪನಿಯಂಥದ್ದೊಂದು ಇದೆ. ಪ್ರತಿ ಕಲ್ಲಿಗೂ 0ಯಿಂದ 4ರವರೆಗೆ ಅಂಕ. ಆದರೆ ಅಲ್ಲಿ ಅಳೆಯುವುದು ಕೇಳಿದ ಹೊಡೆತ ಎಷ್ಟು ಚೆನ್ನಾಗಿ ಆಯಿತೆಂಬುದನ್ನು ಮಾತ್ರ. ಕೇಳಿದ್ದು ಸರಿಯೇ ಎಂಬುದು ಬೇರೆ ಚರ್ಚೆ. ಎರಡನ್ನೂ ಒಂದೇ ಅಂಕದಲ್ಲಿ ಕಲಸಿದ್ದು ನನ್ನ ಪುಸ್ತಕ.

ಆಕೆಯ ಮುಂದಿನ ವರ್ಷಗಳು ಸುಲಭದವಲ್ಲ. ಸೊಂಟದ ಶಸ್ತ್ರಚಿಕಿತ್ಸೆಯಾಯಿತು. 2021ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ತಂಡ ಎಂಟನೆಯ ಸ್ಥಾನಕ್ಕೆ ಕುಸಿದು ನೇರ ಒಲಿಂಪಿಕ್ ಪ್ರವೇಶ ತಪ್ಪಿತು. ಒಂಬತ್ತು ಆಟಗಾರ್ತಿಯರ ಬಳಗದಿಂದ ಹೊಸ ತಂಡ ಕಟ್ಟಿದರು. ಅದರಲ್ಲಿದ್ದ ವಿಕಿ ರೈಟ್ ವೃತ್ತಿಯಲ್ಲಿ ನರ್ಸ್, ಕೋವಿಡ್ ಕಾಲದಲ್ಲಿ ಆಸ್ಪತ್ರೆಯಲ್ಲಿ ದುಡಿದವರು. ಡಿಸೆಂಬರ್‌ನಲ್ಲಿ ನೆದರ್ಲೆಂಡ್ಸ್‌ನ ಲೇವಾರ್ಡನ್‌ನಲ್ಲಿ ನಡೆದ ಅರ್ಹತಾ ಸ್ಪರ್ಧೆಯಲ್ಲಿ ಕೊನೆಗೂ ಬಾಗಿಲು ತೆರೆಯಿತು. ಬೀಜಿಂಗ್‌ನ ಲೀಗ್ ಹಂತದಲ್ಲಿ ಒಂಬತ್ತರಲ್ಲಿ ನಾಲ್ಕು ಸೋಲು. ಸೆಮಿಫೈನಲ್‌ನಲ್ಲಿ ಸ್ವೀಡನ್ ಮೊದಲ ಸುತ್ತಿನಲ್ಲೇ ನಾಲ್ಕು ಅಂಕ ಬಾಚಿತು. ಆದರೂ ಹೆಚ್ಚುವರಿ ಸುತ್ತಿನಲ್ಲಿ 12-11. ಫೈನಲ್‌ನಲ್ಲಿ ಎದುರಾಳಿ ಅದೇ ಜಪಾನ್. 2022ರ ಫೆಬ್ರವರಿ 20ರಂದು 10-3. ಏಳನೆಯ ಸುತ್ತಿನಲ್ಲಿ ನಾಲ್ಕು ಅಂಕ ಬಂದಾಗಲೇ ಹೆಚ್ಚುಕಡಿಮೆ ಮುಗಿದಿತ್ತು. ಅದೇ ಆಗಸ್ಟ್‌ನಲ್ಲಿ ನಿವೃತ್ತಿ.

ಚಿನ್ನ ಬಂದದ್ದರಿಂದ 2018ರ ಆಯ್ಕೆ ಸರಿ ಎಂದು ನಾನು ಹೇಳುತ್ತಿಲ್ಲ. ಹಾಗೆಂದರೆ ಮತ್ತೆ ಫಲ ನೋಡಿ ತೀರ್ಪು ಕೊಟ್ಟಂತೆ. ಚಿನ್ನ ಬರದಿದ್ದರೂ ಆ ಹೊತ್ತಿನ ಲೆಕ್ಕಕ್ಕೊಂದು ತರ್ಕವಿತ್ತು, ಅಷ್ಟೆ.

ಮರುದಿನ ನನ್ನ ಪ್ರಶಿಕ್ಷಣಾರ್ಥಿ ಇನ್ನೊಂದು ಪಾಠ ಮಾಡಿದಳು. ಯೋಜನೆಯ ಹಾಳೆಯಿಂದ ಕಣ್ಣೆತ್ತಲಿಲ್ಲ. ಒಂದು ಹುಡುಗಿ ಕೈಯೆತ್ತಿದ್ದನ್ನು ಕಂಡೂ ಕಾಣದಂತೆ ಮುಂದೆ ಹೋದಳು. ಐದೂ ಹಂತ, ಸಾರಾಂಶ, ಮನೆಗೆಲಸ, ಎಲ್ಲ ನಲವತ್ತು ನಿಮಿಷಕ್ಕೆ ಅಳೆದಿಟ್ಟಂತೆ ಮುಗಿಯಿತು. ನನ್ನ ಪಟ್ಟಿಯ ಪ್ರಕಾರ ಐದಕ್ಕೆ ನಾಲ್ಕು ಕೊಡಬೇಕಿತ್ತು. ಪೆನ್ನು ಏಳಲಿಲ್ಲ.

ಸಂಜೆ ಕೂರಿಸಿಕೊಂಡು, ಮೊದಲೇ ಕೇಳಬೇಕಾಗಿದ್ದನ್ನು ಕೇಳಿದೆ. "ನಿನ್ನೆ ಆ ಹುಡುಗ ಎದ್ದಾಗ ನಿನ್ನ ಲೆಕ್ಕ ಏನಿತ್ತಮ್ಮ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಮೌಲ್ಯಮಾಪನದ ಪ್ರಶ್ನೆ ಕೇಳಿದ್ರೆ ಯಾವಾಗಲೂ ಕೈ ಎತ್ತೋ ನಾಲ್ಕು ಮಕ್ಕಳೇ ಹೇಳ್ತಿದ್ರು ಮೇಡಂ. ಅವನು ಕೇಳಿದಾಗ ಎಲ್ಲರೂ ತಿರುಗಿ ಅವನ ಕಡೆ ನೋಡಿದ್ರು. ಎಂಟು ನಿಮಿಷ ಸಾಕು ಅಂದ್ಕೊಂಡೆ. ಸಾಲಲಿಲ್ಲ."

ಚರ್ಚೆಯನ್ನು ಕಟ್ಟಿ ಮುಗಿಸುವಲ್ಲಿ ಆಕೆ ಎಡವಿದ್ದು ನಿಜ. ಅದಕ್ಕೆ ಕೊಟ್ಟ ಎರಡು ಅಂಕವನ್ನು ನಾನು ತಿದ್ದಲಿಲ್ಲ. "ಯೋಜನೆಯಿಂದ ವಿಚಲನೆ" ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ "ಆಯ್ಕೆ ಒಪ್ಪುವಂಥದ್ದು" ಎಂದು ಬರೆದು ಸಹಿ ಮಾಡಿದೆ. ಆಕೆ ಓದಿದಳು, ಏನೂ ಹೇಳಲಿಲ್ಲ. ಆ ಆಟಗಾರ್ತಿಯ ಕತೆ ಹೇಳಿದಾಗ ಮಾತ್ರ ಕುರ್ಚಿ ಮುಂದಕ್ಕೆಳೆದುಕೊಂಡಳು.

ಶಾಲೆ ಬಿಡುವ ಕೊನೆಯ ದಿನ ಆ ಹುಡುಗನಿಗೆ ಉತ್ತರ ಕೊಟ್ಟಳು: ಒಂದು ಸಲ ಹೀಗೆ ಸೋತಳು, ನಾಲ್ಕು ವರ್ಷದ ಮೇಲೆ ಹೀಗೆ ಗೆದ್ದಳು. ಅವನು ಎಲ್ಲ ಕೇಳಿಸಿಕೊಂಡ.

"ಆ ಕಲ್ಲು ಎಷ್ಟು ಕೆ.ಜಿ. ಮಿಸ್?"

"ಇಪ್ಪತ್ತರ ಹತ್ತಿರ."

"ಅಷ್ಟು ಭಾರಾನ ಬರೀ ಉಜ್ಜಿ ಓಡಿಸ್ತಾರಾ?" ಎಂದವನೇ ಅಂಗೈ ಉಜ್ಜಿ ಕೆನ್ನೆಗಿಟ್ಟುಕೊಂಡ.